ಲೆಂಕೊ ಡೆಕ್‌ಗೆ ಮರದ ಪೀಠ: ಹಲಗೆ ಆರಿಸಿದ ಬಗೆ

ಟರ್ನ್‌ಟೇಬಲ್‌ಗೆ (ರೆಕಾರ್ಡ್ ನುಡಿಸುವ ಯಂತ್ರಕ್ಕೆ) ಕೈಯಾರೆ ಪ್ಲಿಂತ್ (ಅದು ಕೂರುವ ಮರದ ಪೀಠ) ಕಟ್ಟಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಮರ ಒಳ್ಳೆಯದು? ತೇಗವೋ, ಬೀಟೆಯೋ, ಹಲಸೋ? ಕೊಯ್ದು, ಅಂಟಿಸಿ, ಎರಡು ಬೇಸಿಗೆ ಎರಡು ಮಳೆಗಾಲ ಇಟ್ಟು ನೋಡಿದ ಮೇಲೆ ಹೇಳುತ್ತಿದ್ದೇವೆ, ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು: ಈ ಹಲಗೆಯಲ್ಲಿ ಇನ್ನೂ ಎಷ್ಟು ನೀರಿದೆ? ಒಣಗದ ಬೀಟೆಗಿಂತ ಒಣಗಿದ ಸಿಲ್ವರ್ ಓಕ್ ಎಷ್ಟೋ ಮೇಲು.

ಇಲ್ಲಿ ಬರೆದಿರುವುದು ಲೆಂಕೊ ಎಲ್75 ಟರ್ನ್‌ಟೇಬಲಿನ ಡೆಕ್‌ಗೆ ಕಟ್ಟಿದ ಪೀಠದ ವಿಚಾರ. ಸ್ವಿಟ್ಜರ್‌ಲ್ಯಾಂಡಿನ ಬುರ್ಗ್‌ಡಾರ್ಫ್‌ನಲ್ಲಿ ತಯಾರಾಗುತ್ತಿದ್ದ ಡೆಕ್ (ಪೀಠ ಬಿಟ್ಟು ಉಳಿದ ಯಂತ್ರ) ಇದು. ರೆಕಾರ್ಡ್ ಇಡುವ ತಿರುಗುವ ತಟ್ಟೆ, ಅಂದರೆ ಪ್ಲ್ಯಾಟರ್, ಒಂದೇ 4 ಕೆ.ಜಿ. ಹತ್ತಿರ ತೂಗುತ್ತದೆ. ಬೆಲ್ಟ್ ಇಲ್ಲ, ಮೋಟರಿನ ಶಾಫ್ಟ್‌ಗೂ ಪ್ಲ್ಯಾಟರಿಗೂ ನಡುವೆ ರಬ್ಬರ್ ಅಂಚಿನ ಐಡ್ಲರ್ ಚಕ್ರ. ನಾಲ್ಕು ಪೋಲ್‌ಗಳ ಮೋಟರ್ ಆದ್ದರಿಂದ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 1500 ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 25 ನಡುಕ. ಆ ನಡುಕ ಚಕ್ರದ ಮೂಲಕ ಪ್ಲ್ಯಾಟರಿಗೂ, ಸ್ಪ್ರಿಂಗ್ ಮೂಲಕ ಮೇಲಿನ ಉಕ್ಕಿನ ತಗಡಿಗೂ ಏರಿ, ಸೂಜಿಗೆ ತಲುಪಿದರೆ ಸ್ಪೀಕರಿನಲ್ಲಿ ಗುರ್ ಎನ್ನುವ ರಂಬಲ್ ಕೇಳುತ್ತದೆ. ಮೂಲ ಪೀಠ ಹಗುರವಾದ ಡಬ್ಬಿ. ತಗಡನ್ನು ಹಿಡಿದು ನಿಲ್ಲಿಸುವ ಭಾರ ಅದಕ್ಕಿಲ್ಲ.

ಮರದ ಬಗ್ಗೆ ಹರಿದಾಡುವ ಮಾತಿನಲ್ಲಿ ಅರ್ಧ ಬಿಡಬಹುದು. 25 ಹರ್ಟ್ಸ್‌ನಲ್ಲಿ ಇಡೀ ಪೀಠ ಒಂದೇ ಕಲ್ಲಿನಂತೆ ಅಲುಗುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ತೂಕ ಮತ್ತು ಗಟ್ಟಿತನ, ಮರದ ಜಾತಿಯಲ್ಲ. ಜಾತಿ ಮತ್ತು ಕಟ್ಟುವ ಬಗೆ ಲೆಕ್ಕಕ್ಕೆ ಬರುವುದು ಅದಕ್ಕಿಂತ ಮೇಲೆ, ಕೆಲವು ನೂರು ಹರ್ಟ್ಸ್‌ನಲ್ಲಿ ಹಲಗೆ ತಾನೇ ದನಿಗೂಡಿಸಲು ಶುರುಮಾಡುವ ಕಡೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುತ್ತಾರೆ. ಅಲ್ಲಿ ಮರ ನಾದ ಕೊಡಬೇಕು. ಪ್ಲಿಂತ್‌ಗೆ ಬೇಕಾದ್ದು ಅದರ ತದ್ವಿರುದ್ಧ, ಮೂಕ ಮರ. ವೀಣೆಗೆ ಒಳ್ಳೆಯದಾದ ಮರ ಇದಕ್ಕೂ ಒಳ್ಳೆಯದು ಎಂಬ ವಾದ ಈ ಕಾರಣಕ್ಕೇ ನಿಲ್ಲುವುದಿಲ್ಲ.

ಹಲಗೆ ಎಷ್ಟು ಮೂಕ ಎಂದು ಅಂಗಡಿಯಲ್ಲೇ ನೋಡಬಹುದು. ಉದ್ದದ ಸುಮಾರು ಕಾಲು ಭಾಗದಲ್ಲಿ, ಸರಿಯಾಗಿ ಹೇಳಬೇಕೆಂದರೆ 20 ಇಂಚಿನ ತುಂಡಾದರೆ ತುದಿಯಿಂದ 4½ ಇಂಚಿಗೆ, ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತೂಗಿಸಿ ನಡುವೆ ಗೆಣ್ಣಿನಿಂದ ತಟ್ಟಿ. ಆ ಜಾಗದಲ್ಲಿ ಹಲಗೆ ಕಂಪಿಸುವುದಿಲ್ಲ, ಹಾಗಾಗಿ ಬೆರಳು ದನಿಯನ್ನು ಅದುಮುವುದಿಲ್ಲ. ಬೀಟೆ ಟಿಣ್ ಎಂದು ಎಳೆಯುತ್ತದೆ. ತೇಗ ಟಕ್ ಎಂದು ಬೇಗ ನಿಲ್ಲುತ್ತದೆ. ಒಳಗೆ ಸೀಳಿದ್ದರೆ ಬರುವ ಒಡಕು ದನಿಯನ್ನು ಒಮ್ಮೆ ಕೇಳಿದರೆ ಕಿವಿ ಮರೆಯುವುದಿಲ್ಲ.

ಅಳತೆ ಮೊದಲು, ಅಂಗಡಿ ಆಮೇಲೆ. ಹೊರ ಅಳತೆ 20×16 ಇಂಚು, ಎತ್ತರ 3¾ ಇಂಚು ಎಂದು ಇಟ್ಟುಕೊಂಡೆವು. ಇದನ್ನು ಪೂರ್ತಿ ಗಟ್ಟಿ ಮರದಲ್ಲಿ ಮಾಡಿದರೆ 1200 ಘನ ಇಂಚು. 1728ರಿಂದ ಭಾಗಿಸಿದರೆ 0.7 ಘನ ಅಡಿ. ಕೀಸಿ, ತುದಿ ಕತ್ತರಿಸಿ ಹೋಗುವುದನ್ನು ಸೇರಿಸಿದರೆ ಕೊಳ್ಳಬೇಕಾದ್ದು ಒಂದೂಕಾಲು ಘನ ಅಡಿ. ತೇಗ ಘನ ಮೀಟರಿಗೆ ಸುಮಾರು 650 ಕೆ.ಜಿ., ಮತ್ತಿ 850ರ ಮೇಲೆ. ಮೋಟರ್, ಪ್ಲ್ಯಾಟರ್, ಟೋನ್‌ಆರ್ಮ್‌ಗೆ (ಸೂಜಿ ಹಿಡಿದ ತೋಳಿಗೆ) ಕೊರೆದು ಮೂರನೇ ಒಂದು ಭಾಗ ಹೋದ ಮೇಲೆ ತೇಗದ್ದು ಎಂಟೂವರೆ ಕೆ.ಜಿ., ಮತ್ತಿಯದು ಹನ್ನೊಂದು ಕೆ.ಜಿ. ಹೊರೆಯಾಗುತ್ತದೆ.

ಆದರೆ ಗಟ್ಟಿ ಮರದ ದಿಮ್ಮಿ ಪೀಠವನ್ನು ನಾವು ಸಲಹೆ ಮಾಡುವುದಿಲ್ಲ. 16 ಇಂಚು ಅಗಲದ ತೇಗದ ಹಲಗೆ, ಉಂಗುರಗಳು ಅಡ್ಡಡ್ಡ ಮಲಗಿರುವಂತೆ ಕೊಯ್ದದ್ದು, ತೇವಾಂಶ ನಾಲ್ಕು ಶೇಕಡಾ ಬದಲಾದರೆ ಅಗಲದಲ್ಲಿ 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಬೆಂಗಳೂರಿನ ಮನೆಯೊಳಗೆ ಏಪ್ರಿಲ್‌ನಿಂದ ಆಗಸ್ಟ್‌ಗೆ ಅಷ್ಟು ವ್ಯತ್ಯಾಸ ಆಗಿಯೇ ಆಗುತ್ತದೆ. ಉಂಗುರಗಳು ಮೈಗೆ ನೆಟ್ಟಗೆ ನಿಂತಂತೆ ಕೊಯ್ದದ್ದಾದರೆ ಅದರ ಅರ್ಧ. ಉದ್ದಕ್ಕೆ ಮಾತ್ರ ಏನೂ ಆಗುವುದಿಲ್ಲ ಎನ್ನಬಹುದು. ಡೆಕ್ಕಿನ ತಗಡು ಹಿಗ್ಗುವುದಿಲ್ಲ, ಮರ ಹಿಗ್ಗುತ್ತದೆ. ನಾಲ್ಕು ಮೂಲೆಗೆ ಬಿಗಿದ ಸ್ಕ್ರೂ ತಗಡನ್ನು ಎಳೆಯುತ್ತದೆ. ಪ್ಲ್ಯಾಟರ್ ಮಟ್ಟ ತಪ್ಪಿತು ಎಂದು ಬೇರಿಂಗ್ ಬಿಚ್ಚಿ ನೋಡುವವರು ಮೊದಲು ಪೀಠದ ಮೇಲೆ ನೇರಪಟ್ಟಿ ಇಟ್ಟು ನೋಡಲಿ.

ಹಾಗಾಗಿ ನಮ್ಮ ಕಟ್ಟು ಹೀಗೆ: ಒಳಗೆ ಐದು ಪದರ ಪ್ಲೈವುಡ್, ಸುತ್ತ ಮುಕ್ಕಾಲು ಇಂಚು ದಪ್ಪದ ಗಟ್ಟಿ ಮರದ ಚೌಕಟ್ಟು. ಒಳಗಿನ ಪ್ಲೈ 18½×14½ ಇಂಚು. ಎಂಟಡಿ ಉದ್ದ, 14½ ಇಂಚು ಅಗಲದ ಒಂದೇ ಪಟ್ಟಿಯಲ್ಲಿ ಐದೂ ತುಂಡು ಸಿಗುತ್ತವೆ, ಗರಗಸ ತಿನ್ನುವುದಕ್ಕೂ ಜಾಗ ಉಳಿಯುತ್ತದೆ. ಕೊರೆದ ಮೇಲೆ ಪ್ಲೈ ಏಳೂವರೆ ಕೆ.ಜಿ., ಚೌಕಟ್ಟು ಎರಡು ಕೆ.ಜಿ.; ಒಟ್ಟು ಹತ್ತರ ಹತ್ತಿರ. ಚೌಕಟ್ಟಿಗೆ ಬೇಕಾದ ಮರ ಕಾಲು ಘನ ಅಡಿ ಅಷ್ಟೆ. ಇಷ್ಟು ಕಡಿಮೆಯಾದ್ದರಿಂದ ಒಳ್ಳೆಯ ಹಲಗೆಯನ್ನೇ ಆರಿಸಬಹುದು.

ಪ್ಲೈಯನ್ನು ಮೊದಲು ತನ್ನಿ. ಇದನ್ನು ಒತ್ತಿ ಹೇಳುತ್ತೇವೆ. 19 ಮಿ.ಮೀ. ಎಂದು ಮಾರುವ ಹಾಳೆ ಅಳೆದರೆ 17½ ಅಥವಾ 18 ಇರುವುದು ಸಾಮಾನ್ಯ. ಐದು ಪದರಕ್ಕೆ 95 ಮಿ.ಮೀ. ಎಂದು ಚೌಕಟ್ಟು ಕೊಯ್ದಿಟ್ಟು ಆಮೇಲೆ ಪ್ಲೈ ಜೋಡಿಸಿದರೆ 88ಕ್ಕೇ ನಿಲ್ಲುತ್ತದೆ, ಏಳು ಮಿ.ಮೀ. ಮೆಟ್ಟಿಲು ಬೀಳುತ್ತದೆ. ಐದೂ ತುಂಡು ಒಂದರ ಮೇಲೊಂದಿಟ್ಟು ಅಳೆದು, ಆ ಅಳತೆಗೆ ಚೌಕಟ್ಟಿನ ಎತ್ತರ ಇಟ್ಟುಕೊಳ್ಳಿ. ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯ ಮೆರೈನ್ (ನೀರು ತಾಳುವ) ಪ್ಲೈ ತೆಗೆದುಕೊಳ್ಳುವುದು ನೀರಿಗೆ ಹೆದರಿ ಅಲ್ಲ, ಒಳಪದರದಲ್ಲಿ ಟೊಳ್ಳು ಕಡಿಮೆ ಎಂಬ ಕಾರಣಕ್ಕೆ. ಆದರೂ ಮುದ್ರೆಯೊಂದನ್ನೇ ನಂಬದೆ ಐದು ರೂಪಾಯಿ ನಾಣ್ಯದಿಂದ ಹಾಳೆಯ ಉದ್ದಕ್ಕೂ ತಟ್ಟುತ್ತ ಹೋಗಿ. ದನಿ ಡೊಳ್ಳಾದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಆ ಭಾಗ ಮೋಟರಿನ ಕಿಂಡಿಗೆ ಬರುವಂತೆ ತುಂಡು ಮಾಡಿ. ಟೊಳ್ಳು ಕೊರೆದು ಎಸೆಯುವ ಜಾಗಕ್ಕೆ ಹೋಗಲಿ.

ಇನ್ನು ಚೌಕಟ್ಟಿನ ಮರ. ದಾಂಡೇಲಿಯಂಥ ಅರಣ್ಯ ಇಲಾಖೆಯ ಡಿಪೋಗಳಲ್ಲಿ ಒಳ್ಳೆಯ ತೇಗ ಬರುವುದು ನಿಜ, ಆದರೆ ಅಲ್ಲಿ ಹರಾಜಾಗುವುದು ದಿಮ್ಮಿಗಳ ಲಾಟು. ಕಾಲು ಘನ ಅಡಿಗೆ ಹೋಗುವ ಜಾಗವಲ್ಲ. ನಾಲ್ಕೈದು ಜನ ಸೇರಿ ದಿಮ್ಮಿಯನ್ನೇ ಕೊಳ್ಳುವುದಾದರೆ ಒಂದು ಲೆಕ್ಕ ಗೊತ್ತಿರಲಿ: ದುಂಡು ಮರವನ್ನು ಅಳೆಯುವುದು ಸುತ್ತಳತೆಯ ಕಾಲು ಭಾಗದ ವರ್ಗವನ್ನು ಉದ್ದದಿಂದ ಗುಣಿಸಿ. ಇದು ನಿಜವಾದ ಗಾತ್ರದ ನೂರಕ್ಕೆ ಎಪ್ಪತ್ತೆಂಟೂವರೆ ಭಾಗ ಮಾತ್ರ ತೋರಿಸುತ್ತದೆ. ಕೊಯ್ದ ಮರದ ಘನ ಅಡಿ ಬೇರೆ, ದಿಮ್ಮಿಯ ಘನ ಅಡಿ ಬೇರೆ. ಎರಡರ ದರವನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಸುತ್ತ ಸಾಮಿಲ್‌ಗಳು ಸಾಲಾಗಿವೆ. ಬಾಗಿಲವಾಡಕ್ಕೆ ಕೊಯ್ದು ಉಳಿದ ತುಂಡುಗಳ ರಾಶಿ ಪ್ರತಿ ಮಿಲ್ಲಿನ ಹಿಂದೆಯೂ ಇರುತ್ತದೆ. ಬೆಳಗ್ಗೆ ಗರಗಸ ಶುರುವಾಗುವ ಮೊದಲು ಹೋಗಿ. ಆಮೇಲೆ ಯಾರಿಗೂ ಮಾತಾಡಲು ಬಿಡುವಿರುವುದಿಲ್ಲ. ಮಾತು ಯಾವಾಗಲೂ ಒಂದೇ ಧಾಟಿಯಲ್ಲಿ ಸಾಗುತ್ತದೆ:

'ಅಣ್ಣಾ, ಇದು ಒಣಗಿದ್ಯಾ?'

'ಎರಡು ವರ್ಷದ ಮಾಲು ಸಾರ್, ಫುಲ್ ಡ್ರೈ.'

ಅವರು ಸುಳ್ಳು ಹೇಳುತ್ತಿಲ್ಲ. ಬಾಗಿಲವಾಡಕ್ಕೆ ಅಷ್ಟು ಒಣಗಿದ್ದರೆ ನಡೆಯುತ್ತದೆ. ಗೋಡೆಗೆ ಬಿಗಿದ ಮೇಲೆ ಒಂದೆರಡು ಮಿ.ಮೀ. ಸರಿದರೆ ಯಾರಿಗೂ ಕಾಣುವುದಿಲ್ಲ. ನಮಗೆ ಅದು ಸಾಲದು. ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಎರಡು ವರ್ಷ ಬಿದ್ದಿದ್ದದ್ದು ನಾಲ್ಕು ಇಂಚಿನ ತೊಲೆಯಾಗಿ, ನಿಮಗಾಗಿ ಒಂದು ಇಂಚಿಗೆ ಸೀಳಿದ್ದು ನಿನ್ನೆ ಎಂದಾದರೆ ಒಳಗಿನ ಮರ ಇನ್ನೂ ಹಸಿ.

ಎರಡು ಪಿನ್ನಿನ ತೇವಾಂಶ ಮೀಟರ್ ಜೇಬಿನಲ್ಲಿರಲಿ, ಆದರೆ ಅದನ್ನು ಹೊರಮೈಗೆ ಚುಚ್ಚಿ ತೃಪ್ತರಾಗಬೇಡಿ. ನಾವು ತಂದ ತೇಗದ ಹಲಗೆ 8 ಇಂಚು ಅಗಲ, 1 ಇಂಚು ದಪ್ಪ, ನಾಲ್ಕೂವರೆ ಅಡಿ ಉದ್ದ. ಅಂಗಡಿಯಲ್ಲಿ ಮೈಮೇಲೆ ಮೀಟರ್ 12 ಶೇಕಡಾ ತೋರಿಸಿತು. ಮನೆಯಲ್ಲಿ ತುದಿಯಿಂದ ಒಂದು ಅಡಿ ಬಿಟ್ಟು ಅಡ್ಡ ಕೊಯ್ದು, ಆ ಹೊಸ ಮುಖಕ್ಕೆ ಚುಚ್ಚಿದರೆ 17. ತುದಿಯ ಮರ ಬೇಗ ಒಣಗುತ್ತದೆ, ಅದಕ್ಕೇ ಒಂದು ಅಡಿ ಬಿಡುವುದು.

ಮೀಟರಿನ ಮೇಲೂ ಅನುಮಾನವಿದ್ದರೆ ತೂಕದ ಪರೀಕ್ಷೆ ಇದೆ. ಇದು ಯಾವ ಮರಕ್ಕೂ ತಪ್ಪುವುದಿಲ್ಲ. ಆ ಹೊಸ ಮುಖದ ಪಕ್ಕದಲ್ಲೇ ಒಂದೊಂದು ಇಂಚಿನ ಎರಡು ಬಿಲ್ಲೆ ಕೊಯ್ದೆವು. ಹೊಟ್ಟು ಒರೆಸಿ ತಕ್ಷಣ ಒಂದನ್ನು ತೂಗಿದರೆ 86 ಗ್ರಾಂ. ಅಡುಗೆಮನೆಯ ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸು ಇಟ್ಟು, ಗಂಟೆಗೊಮ್ಮೆ ತೆಗೆದು ತೂಗುತ್ತ ಹೋಗಬೇಕು. ಓವನ್ನಿನ ಗುಂಡಿ ನಂಬುವಂಥದ್ದಲ್ಲ, ಒಳಗೆ ಪ್ರತ್ಯೇಕ ಥರ್ಮಾಮೀಟರ್ ಇಡಿ. ಮೈಕ್ರೋವೇವ್ ಬೇಡ, ಒಳಗೇ ಸುಟ್ಟುಹೋಗುತ್ತದೆ. ಎರಡು ಸಲ ಒಂದೇ ತೂಕ ಬಂದಾಗ ನಿಂತಿತು ಎಂದರ್ಥ. ನಮ್ಮದು 74 ಗ್ರಾಂಗೆ ನಿಂತಿತು. ಹೋದ ನೀರು 12 ಗ್ರಾಂ. ಅದನ್ನು 74ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 16.2 ಶೇಕಡಾ. ಭಾಗಿಸಬೇಕಾದ್ದು ಒಣ ತೂಕದಿಂದ, ಹಸಿ ತೂಕದಿಂದಲ್ಲ. ಇಲ್ಲಿ ಬಹಳ ಜನ ತಪ್ಪುತ್ತಾರೆ.

ಬೆಂಗಳೂರಿನ ಮನೆಯಲ್ಲಿ ವರ್ಷವಿಡೀ 9ರಿಂದ 13ರ ನಡುವೆ ಓಡಾಡುವ ಮರಕ್ಕೆ 16 ಹೆಚ್ಚಾಯಿತು. ನಾವು ಬಯಸುವುದು 11. ಹಲಗೆಯ ಎರಡೂ ತುದಿಗೆ ಮೇಣ ಸವರಿ, ಗೋಡೆಗೆ ತಾಗದಂತೆ, ಒಂದೂವರೆ ಅಡಿಗೊಂದು ಮುಕ್ಕಾಲು ಇಂಚಿನ ರೀಪು ಕೊಟ್ಟು ಮಲಗಿಸಿ, ಮೇಲೆ ಭಾರ ಇಟ್ಟೆವು. ಮೇಣ ಬಿಟ್ಟರೆ ತುದಿ ಸೀಳುತ್ತದೆ. ಓವನ್‌ಗೆ ಹಾಕದೆ ಉಳಿಸಿಕೊಂಡ ಎರಡನೇ ಬಿಲ್ಲೆಯೂ 86 ಗ್ರಾಂ ಇತ್ತು. ಅದನ್ನೂ ಹಲಗೆಯ ಪಕ್ಕದಲ್ಲೇ ಇಟ್ಟು ವಾರಕ್ಕೊಮ್ಮೆ ತೂಗುವುದು. ಅದು 82 ಗ್ರಾಂಗೆ ಬಂದು, ಅಂದರೆ 10.8 ಶೇಕಡಾಕ್ಕೆ, ಎರಡು ವಾರ ಕದಲದೆ ನಿಂತಿತು. ಬಿಲ್ಲೆ ಚಿಕ್ಕದು, ಬೇಗ ಒಣಗುತ್ತದೆ; ಅದು ಹೇಳುವುದು ಮರ ಈ ಮನೆಯಲ್ಲಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು. ಹಲಗೆ ಅಲ್ಲಿಗೆ ಬರಲು ಎರಡು ತಿಂಗಳ ಮೇಲೆ ಹಿಡಿಯಿತು, ಅದೂ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲಿ. ಜೂನ್‌ನಲ್ಲಿ ತಂದ ಹಲಗೆಗೆ ದೀಪಾವಳಿಯವರೆಗೂ ಕಾಯಬೇಕಾಗುತ್ತದೆ.

ಊರು ಬದಲಾದರೆ ಗುರಿಯೂ ಬದಲಾಗಬೇಕು. ಮಂಗಳೂರಿನ ಮಳೆಗಾಲದಲ್ಲಿ ಮರ 16ರ ಮೇಲೆ ಹೋಗುತ್ತದೆ, ಕಲಬುರಗಿಯ ಮೇ ತಿಂಗಳಲ್ಲಿ 6ಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಯೂ ಒಣಹವೆಯ ಲೆಕ್ಕದಲ್ಲಿ ಕಲಬುರಗಿಯೇ. ಅಲ್ಲಿರುವ ಮಗನಿಗೋ ತಂಗಿಗೋ ಇಲ್ಲಿಂದ ಪೀಠ ಕಳಿಸುವುದಾದರೆ 8ಕ್ಕೆ ಒಣಗಿಸಿ ಕಟ್ಟಿ. ಬೀಟೆಯಲ್ಲಿ ಮಾಡಿ ಕಳಿಸುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ: ಬೀಟೆ ಸೇರಿದಂತೆ ಆ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳು 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೇ ಅನುಬಂಧದಲ್ಲಿವೆ. ಆಮೇಲೆ ಸಿಕ್ಕಿದ ವಿನಾಯಿತಿ ಸಂಗೀತ ವಾದ್ಯಗಳಿಗೆ ಮತ್ತು ಒಂದು ಸಾಗಣೆಯಲ್ಲಿ 10 ಕೆ.ಜಿ.ವರೆಗೆ ಆ ಮರವಿರುವ ಸಿದ್ಧವಸ್ತುಗಳಿಗೆ. ಟರ್ನ್‌ಟೇಬಲ್ ಪೀಠ ವಾದ್ಯವಲ್ಲ, ಆದ್ದರಿಂದ ತೂಕ ನೋಡಿಕೊಳ್ಳಿ. ಊರೊಳಗೂ ಬಿಲ್ಲಿಲ್ಲದ, ಪಾಸಿಲ್ಲದ ಬೀಟೆಯನ್ನು ಮುಟ್ಟಬೇಡಿ.

ಜಾತಿಗಳ ಬಗ್ಗೆ ನಮ್ಮ ಅಭಿಪ್ರಾಯ ಇದು. ತೇಗ ಎಲ್ಲರಿಗೂ ಸಲ್ಲುತ್ತದೆ: ಕುಗ್ಗುವುದು ಕಡಿಮೆ, ಉಳಿಗೆ ಬಗ್ಗುತ್ತದೆ. ಈಗ ಹೊರದೇಶದ ತೋಟಗಳಿಂದ ಬರುವ ಎಳೆಯ ತೇಗದಲ್ಲಿ ಉಂಗುರ ಅಗಲ, ಬಣ್ಣ ಪೇಲವ, ಅಂಚಿನಲ್ಲಿ ಬಿಳಿ ಮರ ಹೆಚ್ಚು. ಬಲಿತ ಚೇಗನ್ನು (ಮರದ ಒಳಗಿನ ಗಟ್ಟಿ ಭಾಗ) ಕೊಯ್ದಾಗ ಹಳೆ ಚರ್ಮದಂಥ ವಾಸನೆ, ಬೆರಳಿಗೆ ಎಣ್ಣೆಯ ಜಿಡ್ಡು. ಮತ್ತಿ ಭಾರದ ಆಸೆಗೆ ಚೆನ್ನ, ಆದರೆ ಒಣಗುವಾಗ ಮೈಯೆಲ್ಲ ಕೂದಲು ಸೀಳು ಬಿಡುತ್ತದೆ. ನೆರಳಿನಲ್ಲಿ ನಿಧಾನ ಒಣಗಿಸುವ ತಾಳ್ಮೆ ಇದ್ದವರಿಗೆ ಮಾತ್ರ. ಹೊನ್ನೆ ಗಟ್ಟಿ, ಚೆಲುವು ಕೂಡ. ಆದರೆ ಹೊನ್ನೆ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುತ್ತದಲ್ಲ, ಅದೇ ಗುಣ ಪೀಠದಲ್ಲೂ ಇರುತ್ತದೆ. ಒದ್ದೆ ಬಟ್ಟೆ ತಾಗಿದರೆ ಹಳದಿ ಕಲೆ. ಪಾಲಿಶ್ ಪೂರ್ತಿ ಮುಚ್ಚಬೇಕು. ಹಲಸಿನ ಹೊನ್ನಿನ ಬಣ್ಣ ವರ್ಷಗಳಲ್ಲಿ ಕಂದಾಗುವುದನ್ನು ನೋಡುವುದೇ ಖುಷಿ, ಹದವಾಗಿಯೂ ಇದೆ.

ಯಾರೂ ಲೆಕ್ಕಕ್ಕಿಡದ ಮರ ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿನ ಮರ. ಬಹುಪಾಲು ಪೆಟ್ಟಿಗೆಗೂ ಪ್ಲೈಯ ಒಳಪದರಕ್ಕೂ ಹೋಗುತ್ತದೆ. ಉಂಗುರ ನೆಟ್ಟಗೆ ನಿಲ್ಲುವಂತೆ ಸೀಳಿಸಿದರೆ ಮೈಮೇಲೆ ಮೀನಿನ ಹುರುಪೆಯಂಥ ಹೊಳಪಿನ ಚುಕ್ಕೆಗಳು ಏಳುತ್ತವೆ. ಅವಸರದಲ್ಲಿ ಒಣಗಿಸಿದರೆ ತಿರುಚುತ್ತದೆ, ಆದ್ದರಿಂದ ಒಂದೂಕಾಲು ಇಂಚು ದಪ್ಪಕ್ಕೆ ಕೊಯ್ಸಿ, ಕೀಸಲು ಮರ ಉಳಿಸಿಕೊಳ್ಳಿ.

ಹಳೆ ಮನೆ ಕೆಡವಿದ ಮರವೇ ನಮಗೆ ಎಲ್ಲಕ್ಕಿಂತ ಇಷ್ಟ. ಜಂತಿ, ಕಂಬ, ಬಾಗಿಲವಾಡ ದಶಕಗಟ್ಟಲೆ ಒಣಗಿ ಕುಳಿತಿರುತ್ತವೆ. ತೊಂದರೆ ಮೊಳೆಗಳದ್ದು. ತಲೆ ತುಂಡಾಗಿ ಒಳಗೆ ಉಳಿದ ಮೊಳೆ ಕಣ್ಣಿಗೆ ಬೀಳುವುದಿಲ್ಲ; ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೈಮೇಲೆ ಒಂದು ಇಂಚಿಗೊಮ್ಮೆ ತೂಗಾಡಿಸಿದರೆ ಮೊಳೆ ಇದ್ದ ಕಡೆ ಅದು ವಾಲುತ್ತದೆ. ಸುಣ್ಣದ ಪದರವನ್ನು ಕೀಸುವ ಮೊದಲು ತಂತಿ ಬ್ರಷ್‌ನಿಂದ ತೆಗೆಯದಿದ್ದರೆ ಉಳಿಯ ಬಾಯಿ ಹೋಗುತ್ತದೆ. ಬಿಳಿ ಭಾಗದಲ್ಲಿ ಸೂಜಿ ತೂತಿದ್ದು ತಟ್ಟಿದಾಗ ಹಿಟ್ಟು ಉದುರಿದರೆ ಕುಟ್ಟೆ ಹುಳ. ಆ ಭಾಗ ಪೂರ್ತಿ ಕೊಯ್ದು ಬಿಸಾಡಿ, ಉಪಚಾರ ಬೇಡ. ಯಾವ ಮರವೆಂದು ಗೊತ್ತಾಗದಿದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು.

ಕಟ್ಟುವ ಹಂತದಲ್ಲಿ ಹಾಳಾಗುವುದು ಸಾಮಾನ್ಯವಾಗಿ ಗೋಂದಿನಲ್ಲಿ. ಪ್ಲೈಗೆ ಬಿಳಿ ಗೋಂದು ಸಾಕು, ನಾಲ್ಕು ಸಂದಿಗೆ ಒಟ್ಟು 120 ಗ್ರಾಂ ಹತ್ತಿರ. ತೇಗಕ್ಕೆ ಅಂಟಿಸುವ ಮೊದಲು ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟಿಸಿ. ತಡವಾದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಚೌಕಟ್ಟಿನ ಪಟ್ಟಿಗೆ ಮೇಲಿನ ಒಂದು ಇಂಚಿಗೆ ಮಾತ್ರ ಗೋಂದು ಹಚ್ಚಿ, ಕೆಳಗಿನದನ್ನು ಬಿಡಿ. ಪಟ್ಟಿ ಎತ್ತರದಲ್ಲಿ ಮುಕ್ಕಾಲು ಮಿ.ಮೀ.ವರೆಗೂ ಹಿಗ್ಗಿ ಕುಗ್ಗುತ್ತದೆ. ಮೇಲಂಚು ಹಿಡಿದಿದ್ದರೆ ಆ ಆಟವೆಲ್ಲ ಕಾಣದ ಕೆಳಂಚಿಗೆ ಹೋಗುತ್ತದೆ. ಪ್ಲೈಯ ಮೇಲ್ಮೈಗೆ ಅಂದಕ್ಕಾಗಿ ಅರ್ಧ ಇಂಚಿನ ಗಟ್ಟಿ ಮರ ಹಾಸಿ ಪೂರ್ತಿ ಅಂಟಿಸಿದರೆ ಒಂದೇ ಬೇಸಿಗೆಯಲ್ಲಿ ದೋಣಿಯಂತೆ ಬಾಗುತ್ತದೆ. ಅಂದ ಬೇಕಾದರೆ ಅರ್ಧ ಮಿ.ಮೀ. ವಿನೀರ್ (ಮರದ ತೆಳು ಹಾಳೆ) ಹಾಕಿ.

ಸ್ಕ್ರೂ ಹಿತ್ತಾಳೆಯದಿರಲಿ, ತೇಗದಲ್ಲೂ ಮತ್ತಿಯಲ್ಲೂ ಕಬ್ಬಿಣದ ಸುತ್ತ ಕಪ್ಪು ಏಳುತ್ತದೆ. ಹಿತ್ತಾಳೆ ಮೆದು, ಅದಕ್ಕೇ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿ ತೆಗೆದು, ಆಮೇಲೆ ಇದನ್ನು ಸೋಪು ಸವರಿ ತಿರುಗಿಸಿ. ಮೋಟರಿನ ಸುತ್ತಲೂ ಕೆಳಗೂ ಅರ್ಧ ಇಂಚು ಖಾಲಿ ಇರಬೇಕು. ಪಾಲಿಶ್ ಅರಗಿನದೋ ಅಗಸೆ ಎಣ್ಣೆಯದೋ ನಿಮ್ಮಿಷ್ಟ, ಆದರೆ ಚೌಕಟ್ಟಿನ ಒಳಮೈಗೂ ಹೊರಮೈಗೂ ಒಂದೇ ಲೆಕ್ಕದ ಕೋಟು ಕೊಡಿ, ಇಲ್ಲದಿದ್ದರೆ ಒಂದು ಬದಿಯಿಂದ ತೇವ ಕುಡಿದು ಬಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿಯೇ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ನೆನೆಸಿ ಬಿಡಿಸಿ ಒಣಹಾಕಿ.

ಡೆಕ್ ಕೂರಿಸಿದ ಮೇಲೂ ಎರಡನೇ ಬಿಲ್ಲೆಯನ್ನು ಎಸೆಯಲಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ 'ಒಣ ತೂಕ 74' ಎಂದು ಬರೆದು ಆಂಪ್ಲಿಫೈಯರಿನ ಪಕ್ಕದಲ್ಲಿಟ್ಟಿದ್ದೇವೆ. ಆಗಸ್ಟ್‌ನಲ್ಲಿ 83½ ತೂಗಿತು, ಏಪ್ರಿಲ್‌ನಲ್ಲಿ 81. ತಗಡಿನ ನಾಲ್ಕು ಸ್ಕ್ರೂಗಳನ್ನು ಏಪ್ರಿಲ್‌ನಲ್ಲಿ ಕಾಲು ಸುತ್ತು ಬಿಗಿದು, ಮಳೆ ಹಿಡಿದ ಮೇಲೆ ಮತ್ತೆ ಕಾಲು ಸುತ್ತು ಸಡಿಲಿಸುತ್ತೇವೆ.